ಹೆಚ್ಚಿಗಿ ಇಪ್ಪತ್ತೆಂಟು ಕಿಲೋಮೀಟರು

ನಾ ಆಟಗಾರ ಅಲ್ರೀ, ಡ್ರೈವರು.
ಶಾರ್ಜಾದ ಕಾಲೇಜಿನ ಹುಡುಗರನ್ನ
ಹನ್ನೊಂದು ಸೀಜನ್ ಹೊತ್ತು ತಿರಗೇನಿ,
ಚೆಂಡಿನ ಚೀಲ, ಐಸಿನ ಡಬ್ಬಿ, ಬೆವರಿನ ವಾಸನಿ ಸಮೇತ.
ಬೆಟಗೇರಿ ಬಿಟ್ಟಾಗ ನನಗ ಗೊತ್ತಿದ್ದದ್ದು ಕುಸ್ತಿ ಒಂದ.
ಬಾಸ್ಕೆಟ್‌ಬಾಲ್ ಕಲತದ್ದು ಬಸ್ಸಿನ ಕನ್ನಡಿಯೊಳಗ,
ಹಿಂದಿನ ಸೀಟಿನಾಗ ಅವರ ಜಗಳ ಕೇಳಿ ಕೇಳಿ.

ಈಗ ನೋಡ್ರಿ,
ದುಬೈದಾಗ ಇಪ್ಪತ್ತನೇ ಮಜಲಿನ ಮ್ಯಾಲೆ
ಯಾರೋ ಕುಂತು ನಕಾಶೆ ಹರವಿ
ಕಾಲೇಜುಗಳನ್ನ ಎರಡು ಪಾಲು ಮಾಡ್ಯಾರ.
ಅಣ್ಣತಮ್ಮಂದಿರು ಹೊಲಾ ಹಂಚಿಕೊಂಡಂಗೂ ಅಲ್ಲ,
ಅವರಾದರ ಬದುವಿನ ಮ್ಯಾಲೆ ನಿಂತು ಬೈದಾಡತಾರ.
ನಾವು ಪಡುವಲ ಕಾನ್ಫರೆನ್ಸು: ಅಲ್ ಐನ್, ರುವೈಸ್, ಲಿವಾ.
ಅಜ್ಮಾನದವರು ಮೂಡಲ: ಫುಜೈರಾ, ಕಲ್ಬಾ, ರಾಸ್ ಅಲ್ ಖೈಮಾ.
ಅಲ್ ಐನ್ ಪಡುವಲಕ್ಕ ಎಂದ ಹೋತು?
ಅಲ್ಲಿಗೆ ಹೋಗೂ ಮುಂದ ಮುಂಜಾನಿ ಬಿಸಿಲು
ನನ್ನ ಎಡಗಲ್ಲಕ್ಕ ಬಡೀತೈತಿ.
ಅದು ತೆಂಕಲ. ನನ್ನ ಗಲ್ಲಾ ಕೇಳಬೇಕಾಗಿತ್ತು.

ಅಜ್ಮಾನ!
ನಮ್ಮ ಗೇಟಿನಿಂದ ಅವರ ಗೇಟಿಗೆ ಹದಿಮೂರು ಕಿಲೋಮೀಟರು,
ಗುರುವಾರ ಸಂಜಿ ಟ್ರಾಫಿಕ್ಕಿನಾಗ ಒಂದೂಕಾಲು ತಾಸು.
ಅವರ ಹಾಲಿನಾಗ ಒಂದು ರಿಂಗು
ಒಂದು ಬಟ್ಟು ಕೆಳಗ ಐತಿ ಅಂತ ನಮ್ಮವರ ವಾದ.
ಹನ್ನೊಂದು ವರ್ಷ ಯಾರೂ ಅಳದಿಲ್ಲ.
ಅಳದರ ಏನು ಮಜಾ ಉಳೀತು?

ಹೊಸಬರು ಕೆಟ್ಟವರಲ್ಲ, ಸುಳ್ಳು ಯಾಕ ಹೇಳಲಿ.
ಅಲ್ ಐನದ ಸುಡಾನಿ ಹುಡುಗ ಬಕ್ರಿ,
ಹೆಸರು ಕೇಳಿ ನಕ್ಕಿದ್ದೆ, ರಿಬೌಂಡ್ ನೋಡಿ ಬಾಯಿ ಮುಚ್ಚಿದೆ.
ರುವೈಸಿನವರು ರಿಫೈನರಿ ಊರಿನ ಮಂದಿ,
ಶಿಫ್ಟು ಮುಗಿಯೂದು ಕಾಯೋರಂಗ
ಗಡಿಯಾರ ನೋಡಿಕೋತ ಆಡತಾರ,
ಗೆದ್ದರೂ ಬ್ಯಾಸರ, ಸೋತರೂ ಬ್ಯಾಸರ.
ಲಿವಾದಾಗ ಖರ್ಜೂರ ಚಲೋ. ಟೀಮಿನ ಬಗ್ಗೆ ಇಷ್ಟ ಸಾಕು.
ಆದರ ಇವರನ್ನ ಬೈಯಾಕ ನನಗ ಬೈಗುಳ ಹುಟ್ಟೂದಿಲ್ಲ.
ಬೈಗುಳ ಅಂದರ ಹೆಪ್ಪು ಇದ್ದಂಗ,
ನಿನ್ನೀದು ಒಂದೀಟು ಉಳದಿದ್ದರ
ಇವತ್ತಿಂದು ಗಟ್ಟಿ ಆಗತೈತಿ.

ಹೊಸ ಬೂಟು ಬಂದಾವ, ಹೌದು. ಟೀವಿ ಬರತೈತಿ.
ನೀರಿನ ಬಾಟಲಿ ಕಂಪನಿ ರೊಕ್ಕ ಸುರೀತೈತಿ.
ಸುರೀಲಿ.
ರುವೈಸಿನಿಂದ ಹತ್ತಿರ ಹತ್ತಿರ ನಾಕುನೂರು ಕಿಲೋಮೀಟರು
ಮರಳಿ ಬರೂ ಮುಂದ
ನನ್ನ ಕನ್ನಡಿಯೊಳಗ ಒಂದು ಮಾತಿಲ್ಲ,
ಬರೇ ತೆರದ ಬಾಯಿ, ಗೊರಕಿ.

ಅಜ್ಮಾನ ಬಸ್ಸಿನ ಡ್ರೈವರು ಗುಲ್ ಜಮೀನ್, ಪೇಶಾವರ ಕಡೆಯಾಂವ.
ಸೋತ ಬಸ್ಸಿನಾಂವ ಗೆದ್ದ ಬಸ್ಸಿನಾಂವಗ
ಕರಕ್ ಚಾ ಕುಡಿಸಬೇಕು,
ಇದು ನಮ್ಮಿಬ್ಬರ ಕಾನ್ಫರೆನ್ಸು.
ಹೋದ ಸೀಜನ್ ಎರಡು ಪಾಯಿಂಟಿಗೆ ಸೋತಿವಿ.
ಅವತ್ತ ಅಂಗಡಿ ಮುಚ್ಚಿತ್ತು. ಬಾಕಿ ಉಳೀತು.

ಹೋದ ಗುರುವಾರ ಅಲ್ ಐನ್ ಮ್ಯಾಚು ಮುಗೀತು,
ಅವನ ಫೋನು: ಕಲ್ಬಾ ಬಿಟ್ಟೀನಿ.
ನಾ ನೆಟ್ಟಗ ಹೈವೇ ಹಿಡೀಬೇಕಾಗಿತ್ತು.
ಮದಾಮ್ ಮ್ಯಾಲಾಸಿ ಹೊಡದೆ, ಕೆಂಪು ಮರಳಿನ ದಾರಿ.
ಧೈದಿನ ಪೆಟ್ರೋಲ್ ಬಂಕಿನಾಗ, ರಾತ್ರಿ ಹನ್ನೊಂದೂವರಿಗೆ,
ಅವನ ಬಸ್ಸು ಆಗಲೇ ನಿಂತಿತ್ತು.

ಮೊದಲ ಎಚ್ಚರಾದಂವ ಲೆಬನಾನಿನ ರಾಮೀ.
ಗಾಜು ಉಜ್ಜಿ ನೋಡಿದ. ನೀಲಿ ಜಾಕೀಟು ಕಂಡವು.
'ಅಜ್ಮಾನ' ಅಂದ, ಅಷ್ಟ.
ಆಮ್ಯಾಲೆ ಏನು ಹೇಳಲಿ,
ದೀಪದ ಕೆಳಗ ನಾಕು ಭಾಷಾದಾಗ ಬೈಗುಳ,
ಆ ರಿಂಗಿನ ಎತ್ತರ, ಯಾರದೋ ಮಾವ ರೆಫ್ರಿ ಆಗಿದ್ದದ್ದು,
ನಮ್ಮ ಗಿಡ್ಡ ಜೋವೆನ್ ಕಸದ ಡಬ್ಬಿಗೆ
ಡೀಸೆಲ್ ಪಂಪಿನ ಆಚಿಂದ ಖಾಲಿ ಬಾಟಲಿ ಒಗದು
ಎರಡೂ ಕೈ ಎತ್ತಿ ಓಡಿದ್ದು.
ಬಾಟಲಿ ಒಳಗ ಬಿತ್ತೋ ಇಲ್ಲೋ,
ಇನ್ನೂ ವಾದ ನಡದೈತಿ.

ನಾ ಎರಡು ಚಾ ತಂದೆ.
ಗುಲ್ ಜಮೀನ್ ಒಂದು ಗುಟುಕು ಕುಡದು
ಸಕ್ಕರಿ ಕಡಿಮಿ ಅಂದ.

ಸೋಮವಾರ ಮ್ಯಾನೇಜರ ಲಾಗ್ ಬುಕ್ಕು ತೆರದ.
ಇಪ್ಪತ್ತೆಂಟು ಕಿಲೋಮೀಟರು ಹೆಚ್ಚಿಗಿ ಯಾಕ, ದಾವಲಸಾಬ?
ದಾರಿ ತಪ್ಪಿತ್ರಿ ಅಂದೆ.
ಹನ್ನೊಂದು ವರ್ಷದ ಡ್ರೈವರನ ಮಾರಿ ನೋಡಿದ.
ಡೀಸೆಲ್ ರೊಕ್ಕ ಪಗಾರದಾಗ ಹಿಡೀತೀನಿ ಅಂದ.
ಹಿಡೀರಿ ಅಂದೆ.
ಇರತೈತಲ್ರೀ, ಮ್ಯಾಚಿಗೆ ಟಿಕೀಟು.