ಕಾಲು ಸುತ್ತಿನ ಕಿವುಡು

ಹಡರ್ಸ್‌ಫೀಲ್ಡಿನ ಇಳಿಜಾರು ಬೀದಿಯಲ್ಲಿ
ಮಿಸೆಸ್ ಹೆಬಲ್‌ಥ್ವೇಟ್ ಗ್ಯಾರೇಜಿನ ಬಾಗಿಲೆತ್ತಿ
"ನೋಡಿಕೊ, ಚೌಕಾಸಿ ಮಾತ್ರ ಬೇಡ" ಎಂದಳು.
ಆಕೆಯ ಗಂಡ ಹೋಗಿ ಎರಡು ಚಳಿಗಾಲ.
ಕಂಬಳಿ ಸರಿಸಿದರೆ ಲೇತು:
ಮಲಗಿದ ನಾಯಿಯಷ್ಟುದ್ದ,
ಹಸಿರು ಬಣ್ಣ ಸಿಪ್ಪೆಯೆದ್ದು, ಮೈತುಂಬ ಗ್ರೀಸು.

ಅದಕ್ಕೂ ಮುಂಚೆ ಅಂಗಡಿಯಲ್ಲಿ ಹೊಸದನ್ನೂ ನೋಡಿ ಬಂದಿದ್ದೆ.
ಕೆಂಪು ಬಣ್ಣ, ಅಂಕಿ ಮಿನುಗುವ ಪರದೆ,
ಲೇತಿನ ನೆತ್ತಿಗೇ ಮಿಲ್ಲಿಂಗ್ ತಲೆ ಕೂರಿಸಿ
"ಒಂದೇ ದುಡ್ಡಿಗೆ ಎರಡು ಯಂತ್ರ" ಎಂದ ಹುಡುಗ.
ತಲೆ ಹಿಡಿದು ಒತ್ತಿದೆ. ಹಾಲುಹಲ್ಲಿನ ಹಾಗೆ ಅಲುಗಿತು.
ಎರಡು ದೋಣಿಯ ಮೇಲೆ ಕಾಲಿಟ್ಟಿದ್ದು
ಮನುಷ್ಯನಾದರೇನು, ಕಬ್ಬಿಣವಾದರೇನು.

ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು ನಾನು,
ಗೇರಿನ ದನಿಯಲ್ಲೇ ಜ್ವರ ತಿಳಿಯುತ್ತದೆ.
ಚಕ್ಕನ್ನು ಕೈಯಲ್ಲಿ ತಿರುಗಿಸಿ ಬೇರಿಂಗಿಗೆ ಕಿವಿ ಕೊಟ್ಟೆ.
ಉಗುರಿನ ತುದಿಯಿಂದ ಹಾಸನ್ನು ಸವರಿದೆ:
ಬಲತುದಿಯಲ್ಲಿ ಇನ್ನೂ ಹರೆಯ,
ಚಕ್ಕಿನ ಹತ್ತಿರ ಮಾತ್ರ ಒಂದು ಸಣ್ಣ ತಗ್ಗು,
ದಿಂಬಿನಲ್ಲಿ ಕೂತವರ ಗುರುತು ಉಳಿದ ಹಾಗೆ.
ಹಿಡಿ ತಿರುಗಿಸಿದರೆ ಕಾಲು ಸುತ್ತು ಏನೂ ಆಗುವುದಿಲ್ಲ.
ಆಮೇಲೆ, ಈಗ ಕೇಳಿಸಿತು ಎಂಬಂತೆ,
ಜಾರುಪೀಠ ಹೊರಡುತ್ತದೆ.
"ಅವನೂ ಹಾಗೇ," ಎಂದಳು ಮಿಸೆಸ್ ಹೆಬಲ್‌ಥ್ವೇಟ್,
"ಊಟಕ್ಕೆ ಎರಡು ಸಲ ಕರೀಬೇಕಿತ್ತು."
ಚೌಕಾಸಿ ಮಾಡಲಿಲ್ಲ.

ನೆಲಮಾಳಿಗೆಗೆ ಹನ್ನೊಂದು ಮೆಟ್ಟಿಲು.
ಬಿಚ್ಚಿ, ತುಂಡು ತುಂಡಾಗಿ, ನಾನೂ ನನ್ನ ತಂಗಿಯ ಮಗ ಲೀರಾಯೂ
ಬೈದುಕೊಳ್ಳುತ್ತ ಇಳಿಸಿದೆವು.
ಭಾರವೇ ಅದರ ಗುಣ ಎಂದು ಅವನಿಗೆ ಹೇಳಿದೆ.
ಸೊಂಟ ಹಿಡಿದುಕೊಂಡು ಅವನು ಒಪ್ಪಲಿಲ್ಲ.
ಆಮೇಲೆ ಕೊಂಡದ್ದು: ಉಳಿಗಳು, ಸಾಣೆಕಲ್ಲು, ಮೈಕ್ರೋಮೀಟರು,
ಹಲ್ಲು ಮುರಿದ ಗೇರಿಗೆ ಬದಲಿ ಗೇರು.
ಮೂಗಿಗಿಂತ ಮೂಗುತಿ ಭಾರವಾಯಿತು.

ಮೊದಲ ದಿನವೇ ಕೀಲಿಯನ್ನು ಚಕ್ಕಿನಲ್ಲಿ ಮರೆತು ಸ್ವಿಚ್ಚೊತ್ತಿದೆ.
ಕಿವಿಯ ಪಕ್ಕದಲ್ಲಿ ಹಾರಿಹೋಗಿ ಗೋಡೆಯ ಗಾರೆ ಕಿತ್ತಿತು.
ಆ ಗುಂಡಿಯನ್ನು ಮುಚ್ಚಿಲ್ಲ. ನೋಡುತ್ತಿರಲಿ.

ಉಕ್ಕು ಕಿರುಚಿತು ವಾರಗಟ್ಟಲೆ.
ಕಂಬಿಗೂ ಉಳಿಯ ಮೂತಿಗೂ ನಡುವೆ
ತೆಳು ಅಳತೆಪಟ್ಟಿ ಸಿಕ್ಕಿಸಿದಾಗ ಕಾರಣ ಗೊತ್ತಾಯಿತು:
ಪಟ್ಟಿ ನೆಟ್ಟಗೆ ನಿಂತರೆ ಎತ್ತರ ಸರಿ,
ವಾಲಿದರೆ ಅಲ್ಲ. ಕುಡಿದವನ ಹಾಗೆ ವಾಲಿತ್ತು.
ಉಳಿಯ ಕೆಳಗೆ ಬಿಸ್ಕತ್ತಿನ ಡಬ್ಬಿಯ ತಗಡು ಕತ್ತರಿಸಿ ಕೊಟ್ಟೆ.
ಕಿರುಚಾಟ ನಿಂತು
ನೀಲಿ ಬಣ್ಣದ ಚಕ್ಕುಲಿ ಸುತ್ತಿಕೊಂಡು ಬಿತ್ತು,
ಮುಟ್ಟಿದರೆ ಸುಡುವ ಚಕ್ಕುಲಿ.

ಪಕ್ಕದ ಮನೆಯ ಕೆಝಾಯಾ ಊರ ಬ್ಯಾಂಡಿನಲ್ಲಿ ಹಾರ್ನ್ ಊದುತ್ತಾಳೆ.
ಎರಡನೇ ಕವಾಟದ ಗುಂಡಿ ಕಳೆದುಹೋಗಿದೆ,
ಬೋಳು ಕಡ್ಡಿಯ ಮೇಲೇ ಬೆರಳು.
ಹಿತ್ತಾಳೆಯ ಗುಂಡಿಯೊಂದು, ಬುಡದಲ್ಲಿ ಎರಡು ಚಪ್ಪಟೆ ಬದಿ.
ಚಪ್ಪಟೆ ಮಾಡಲು ಮಿಲ್ಲಿಂಗ್ ಯಂತ್ರ ಎಲ್ಲಿದೆ?
ಲೇತಿನ ಜಾರುಪೀಠಕ್ಕೇ ನೆಟ್ಟಗಿನ ಪೀಠ ಬಿಗಿದೆ,
ಚಕ್ಕಿನಲ್ಲಿ ಕಟರು. ಎರಡು ದೋಣಿಯ ಮಾತು
ಯಾರಾಡಿದ್ದು? ನಾನೇ.

ಅವಸರದಲ್ಲಿ, ಕಟರು ಎಳೆಯುವ ಕಡೆಗೇ ಕೆಲಸವನ್ನು ನೂಕಿದೆ.
ಆ ಕಾಲು ಸುತ್ತಿನ ಸಡಿಲವನ್ನು ಒಂದೇ ಗುಕ್ಕಿಗೆ ನುಂಗಿ
ಪೀಠ ಮುನ್ನುಗ್ಗಿತು. ಕಟರು ಮುರಿಯಿತು.
ಎದುರಿಗೆ ನೂಕಬೇಕು. ಎದುರಿಸಿದರೆ ಮಾತ್ರ ತಿರುಪು
ಒಂದು ಬದಿಗೆ ಒರಗಿ ನಿಲ್ಲುತ್ತದೆ.
ಹೆಬಲ್‌ಥ್ವೇಟನಿಗೆ ಗೊತ್ತಿದ್ದಿರಬೇಕು,
ಹೇಳಲು ಇಲ್ಲ.

ಮೊದಲನೆಯದು ಕಸಕ್ಕೆ. ಎರಡನೆಯದು ಕೂದಲೆಳೆಯಷ್ಟು ತೆಳು,
ಅದೂ ಕಸಕ್ಕೆ. ಇದು ಮೂರನೆಯದು, ಎರಡು ಕೂದಲೆಳೆ ದಪ್ಪ.
ದಪ್ಪವಿದ್ದರೆ ನಾಳೆ ಇದೆ. ತೆಳುವಾದರೆ ನಾಳೆ ಇಲ್ಲ.
ಒರೆಸಿ ಎಣ್ಣೆ ಹಚ್ಚಿ, ದೀಪ ಆರಿಸಿದೆ.

ಗೋಡೆಯಾಚೆ ಕೆಝಾಯಾ ಅದೇ ನಾಲ್ಕು ಸ್ವರ,
ಮೂರನೆಯದರಲ್ಲಿ ಮತ್ತೆ ಮತ್ತೆ ಎಡವುತ್ತ.
ಮೇಲೆ ಹತ್ತಿ ಅಡುಗೆಮನೆಯ ಬಾಗಿಲ ಹಿಡಿ ತಿರುಗಿಸಿದೆ.
ನಲವತ್ತು ವರ್ಷದಿಂದ ತಿರುಗಿಸಿದ ಹಿಡಿ.
ಇದರಲ್ಲೂ ಸಡಿಲ. ಕಾಲು ಸುತ್ತಿಗೆ ಸ್ವಲ್ಪ ಕಡಿಮೆ.