ಉಪ್ಪುಗಾಳಿಗೆ ಒಂದು ಬೀಗ

ಹೋದದ್ದು ಸೈಕಲ್ಲಲ್ಲ, ಸೀಟು ಮಾತ್ರ.
ನೈಟ್ ಡ್ಯೂಟಿ ಮುಗಿಸಿ ಬಂದರೆ ಆಸ್ಪತ್ರೆಯ ಹಿಂಗೋಡೆಗೆ
ತಲೆ ಕೊಯ್ದ ಕೋಳಿಯ ಹಾಗೆ ಆತು ನಿಂತಿತ್ತು.
ಕೋಡಿಬಾಗದ ತನಕ ನಿಂತೇ ತುಳಿದೆ.
ವಾಕಿಂಗಿನವರು ದಾರಿ ಬಿಟ್ಟರು,
ಎಂತದೋ ಅರ್ಜೆಂಟು ಅಂದುಕೊಂಡಿರಬೇಕು.

ಮಾರನೆ ದಿನ ಕೋಟೆ ಬಾಗಿಲು ಹಾಕಲು ಹೊರಟೆ,
ಊರು ಕೊಳ್ಳೆ ಹೋದ ಮೇಲೆ, ಎಲ್ಲರ ಹಾಗೆ.

ಉಲ್ಹಾಸ ಮಾಜಾಳಿಕರನ ಅಂಗಡಿ. ಗೋಡೆ ತುಂಬ ಬೀಗ.
ನಂಬರಿನದ್ದನ್ನು ಮೊದಲು ಇಳಿಸಿದ.
"ಚಾವಿ ಕಳೆಯುವ ತಾಪತ್ರಯವೇ ಇಲ್ಲ, ಮೇಡಂ."
ದಿನಕ್ಕೆ ನೂರಿಪ್ಪತ್ತು ಸೀಸೆಗೆ ನಂಬರು ಬರೆಯುವವಳು ನಾನು,
ಸಕ್ಕರೆ ಇಷ್ಟು, ಉಪ್ಪು ಇಷ್ಟು, ಕಾಮಾಲೆ ಇಷ್ಟು.
ರಾತ್ರಿ ಎರಡಕ್ಕೆ, ಲೈಟಿಲ್ಲದ ಗೋಡೆಯ ಹಿಂದೆ
ಯಾರದೋ ರಕ್ತದ ಲೆಕ್ಕವನ್ನೇ ತಿರುಗಿಸುತ್ತ ನಿಂತೇನು.

ಆಮೇಲೆ ಕುದುರೆ ಲಾಳದಂಥದ್ದು.
ಗರಗಸಕ್ಕೂ ಜಗ್ಗುವುದಿಲ್ಲವಂತೆ.
ಎತ್ತಿ ನೋಡಿದೆ, ಎರಡು ತೆಂಗಿನಕಾಯಿಯ ಭಾರ.
ಬೆಲೆ ಕೇಳಿದೆ, ನೇವಿಯವರು ವರ್ಗವಾಗಿ ಹೋಗುವಾಗ
ನನಗೆ ಮಾರಿದ ಸೈಕಲ್ಲಿನ ಅರ್ಧ.
ಇಷ್ಟಾಗಿ ಅದನ್ನು ಸಿಕ್ಕಿಸುವುದು ಎಲ್ಲಿಗೆ?
ಕಂಬ ದಪ್ಪ. ಬಾದಾಮಿ ಮರ ಅದಕ್ಕಿಂತ ದಪ್ಪ.
ಕಿಟಕಿಯ ಸರಳು ಸರಿಯಾಗುತ್ತಿತ್ತು,
ಅದರ ಆಚೆ ಹೆರಿಗೆ ವಾರ್ಡು.

ತಂತಿಯದ್ದು ಹಗುರ, ಚೆಂದ, ನೀಲಿ ಬಣ್ಣ.
"ಇಕ್ಕಳ ಇದ್ದವನಿಗೆ ಇದು ಶಾವಿಗೆ," ಅಂದ ಉಲ್ಹಾಸನೇ.
ಮಾರುವವನು ಹಾಗೆ ಹೇಳಬಾರದಿತ್ತು. ಹೇಳಿದ.
ಹೇಳಿ, ಡ್ರಾಯರ್ ಎಳೆದು ತೋರಿಸಿದ:
ಬಿಳಿ ಬೂಷ್ಟು ಹಿಡಿದವು, ಗಂಟಲಲ್ಲಿ ಚಾವಿ ಮುರಿದವು,
ಮುಚ್ಚಿದ್ದು ಮುಚ್ಚಿಯೇ ಉಳಿದವು.
"ಒಬ್ಬ ಬೈತಖೋಲದಿಂದ ಸೈಕಲ್ಲು ಹೊತ್ತುಕೊಂಡೇ ಬಂದ,
ತನ್ನದೇ ಸೈಕಲ್ಲು, ಕಳ್ಳನ ಹಾಗೆ.
ಕಾರವಾರದಲ್ಲಿ ಕದಿಯುವುದು ಗಾಳಿ, ಮೇಡಂ."

ಬರಿಗೈಲಿ ಹೊರಬಿದ್ದೆ.

ಆಸ್ಪತ್ರೆ ಗೇಟಿನೆದುರು ಬಂಗುಡೆ ಹರವಿಕೊಂಡು ಕೂರುವ
ಮಾಣಕಾ ಹರಿಕಂತ್ರಳಿಗೆ ಯಾಕೋ ಹೇಳಿದೆ.
ನೊಣ ಹೊಡೆಯುತ್ತಲೇ ಅಂದಳು:
"ದೋಣಿಗೆ ನಾವು ಹಾಕೂದು ಹಿತ್ತಾಳಿ.
ಹಳೆ ಟ್ಯೂಬು ಕೊಯ್ದು ಬಾಯಿಗೆ ಕಟ್ಟು.
ಎಣ್ಣೆ ಬ್ಯಾಡ, ಹೊಯ್ಗೆ ಹಿಡೀತದೆ, ಮೇಣ ತಿಕ್ಕು.
ಬೇಕಿರಲಿ ಬಿಡಲಿ, ದಿನಾ ಒಮ್ಮೆ ತೆಗಿ.
ತೆಗೀದೆ ಇಟ್ಟ ಬೀಗ ಸಿಟ್ಟು ಮಾಡ್ಕಳ್ತದೆ."

ಹಾಗೆ ಬಂತು ಮೂರು ಮೊಳದ ಸರಪಳಿ, ಒಂದು ಹಿತ್ತಾಳೆ ಬೀಗ.
ಹಿಂದಿನ ಗಾಲಿ, ನಡುವಿನ ಕೊಳವೆ, ಹೊಸ ಸೀಟಿನ ಸ್ಪ್ರಿಂಗು,
ಮೂರನ್ನೂ ಪೋಣಿಸುವಷ್ಟು ಉದ್ದ.
ಬಣ್ಣ ಕೆರೆಯದಂತೆ ಹಳೆ ನೈಟಿಯ ತೋಳು ಹೊಲಿದೆ ಅದಕ್ಕೆ.

ಚಾವಿ ಎರಡಿದ್ದವು.
ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ.
ಎರಡೂ ಒಂದೇ ಪರ್ಸಿನಲ್ಲಿದ್ದರೆ ಎರಡಿದ್ದು ಏನು?
ರೂಮಿನ ಮಾಲೀಕರಿಗೆ ಕೊಟ್ಟರೆ
ರಾತ್ರಿ ಎಷ್ಟಕ್ಕೆ ಬಂದೆ ಎಂಬ ಲೆಕ್ಕವೂ ಕೊಡಬೇಕು.
ಜೊತೆಯ ಟೆಕ್ನಿಷಿಯನ್ ಅಂಕೋಲೆಗೆ ಹೋಗಿಯಾಗಿತ್ತು.
ಒಂದು ವಾರ ಏಪ್ರನ್ನಿನ ಜೇಬಲ್ಲಿ
ಅದು ಸುಮ್ಮನೆ ಕಿಣಿಗುಟ್ಟಿತು.
ಈ ಊರಿಗೆ ಬಂದು ಆರು ವರ್ಷ,
ಒಂದು ಚಾವಿ ಕೊಡಲು ಹೆಸರು ಹುಡುಕುತ್ತಿದ್ದೆ.

ಮಾಣಕಾ ಏನೂ ಕೇಳಲಿಲ್ಲ.
ಎಲೆಯಡಿಕೆ ಸಂಚಿಗೆ, ಸುಣ್ಣದ ಡಬ್ಬಿಯ ಪಕ್ಕ, ತೂರಿಸಿದಳು.

ಮೊನ್ನೆ ಸೋಮವಾರ ಡ್ಯೂಟಿ ಬಿಟ್ಟು ಬಂದರೆ
ಹಿಂಗೋಡೆ ಇತ್ತು. ಸೈಕಲ್ಲಿರಲಿಲ್ಲ.
ಇದ್ದ ಜಾಗದಲ್ಲಿ ನೀರಿನ ಟ್ಯಾಂಕರು, ಗೋಡೆಗೇ ತಾಗಿಕೊಂಡು.
ಅದರಡಿಗೆ ಬಗ್ಗಿ ನೋಡಿದೆ, ನಾಚಿಕೆ ಬಿಟ್ಟು.
ಆಂಬುಲೆನ್ಸ್ ಶೆಡ್ಡಿನ ನೆರಳಲ್ಲಿ ಕಂಡಿತು ಆಮೇಲೆ:
ಸರಪಳಿ ಹಾಕಿ, ಟ್ಯೂಬು ಮುಚ್ಚಿ,
ನಾನು ಹಾಕುವುದಕ್ಕಿಂತ ಬಿಗಿಯಾಗಿ.

ಗೇಟಿನೆದುರು ಮಾಣಕಾ ಇರಲಿಲ್ಲ,
ಬುಟ್ಟಿ ಖಾಲಿ ಮಾಡಿ ಹೋಗಿದ್ದಳು.
ಸೀಟಿನ ಮೇಲೆ ಒಂದು ಮೀನಿನ ಹುರುಪೆ ಅಂಟಿತ್ತು,
ಸ್ಲೈಡಿಗೆ ಇಟ್ಟ ಹಾಗೆ, ಪೂರ್ತಿ ಒಣಗಿರಲಿಲ್ಲ.
ಒರೆಸಲು ಕರ್ಚೀಫು ತೆಗೆದವಳು
ಹಾಗೇ ಹತ್ತಿ ಕೂತೆ.