ಮೀಟರು ಓಡಲಿ

ಬೆಳಿಗ್ಗೆ ಬೆರಳುಗಳು ನನಗಿಂತ ತಡವಾಗಿ ಏಳುತ್ತವೆ.
ಮುಷ್ಟಿ ಬಿಚ್ಚಲು ಬಿಸಿನೀರಿನ ಬೋಗುಣಿ ಬೇಕು,
ಪೇಸ್ಟಿನ ಮುಚ್ಚಳ ತಿರುಗಿಸಲು ಹಲ್ಲೇ ಬೇಕು.
ಕೀಲುಂಗ್ ಬಂದರಿನಲ್ಲಿ ಮೂವತ್ತೆಂಟು ವರ್ಷ
ಹರಿದ ಬಲೆ ಹೆಣೆದವಳು ನಾನು.
ಎಷ್ಟು ಗಂಟು ಹಾಕಿದೆನೋ, ಲೆಕ್ಕವಿಟ್ಟವರಿಲ್ಲ.
ಈಗ ಅಷ್ಟೂ ವಾಪಸು ಬಂದು
ಗೆಣ್ಣುಗೆಣ್ಣಿನಲ್ಲಿ ಕೂತ ಹಾಗಿದೆ.

ಎಡಮೊಲೆ ಹೋಗಿ ಎರಡು ವರ್ಷ.
ಅದರ ಬೆನ್ನಿಗೇ ಬಂತು ಈ ಮಾತ್ರೆ,
ಹಳದಿ, ಹೆಸರುಕಾಳಿಗಿಂತ ತುಸು ದೊಡ್ಡದು,
ದಿನಕ್ಕೊಂದು, ಐದು ವರ್ಷ.
"ಕೀಲು ಹಿಡಿಯಬಹುದು" ಎಂದಿದ್ದರು ಡಾಕ್ಟರು,
ಬಾಗಿಲಿನ ಕೀಲಿನ ಮಾತಾಡುವ ಹಾಗೆ,
ಎರಡು ಹನಿ ಎಣ್ಣೆ ಬಿಟ್ಟರೆ ಆಯಿತು ಎಂಬ ಹಾಗೆ.

ಕಳೆದ ಚಳಿಗಾಲ ಹದಿನೇಳು ದಿನ ನುಂಗಲಿಲ್ಲ.
ಯಾರಿಗೂ ಹೇಳಲಿಲ್ಲ. ಬಲೆಸೂಜಿಯ ಡಬ್ಬಿಯಲ್ಲಿ
ನೂಲುಂಡೆಗಳ ಅಡಿಗೆ ತುರುಕಿಟ್ಟೆ.
ಹದಿನಾಲ್ಕನೆಯ ದಿನ ಚಾಪ್‌ಸ್ಟಿಕ್ಕು ಜಾರಲಿಲ್ಲ.
ಕಡಲೆಕಾಯಿ ಬೀಜ ಒಂದನ್ನು ಎತ್ತಿದೆ,
ಸುಮ್ಮನೆ, ಎತ್ತಲೆಂದೇ. ಇನ್ನೊಂದು ಎತ್ತಿದೆ.
ಅಂದು ರಾತ್ರಿ ಭಯ ಬಂತು.
ಎಡಗಡೆಯ ಖಾಲಿ ಜಾಗ ನೋಡಿ
ಬಾಡಿಗೆ ಮಾತಾಡದೆ ಕೂತುಬಿಟ್ಟಿತು.

ಪಾವ್ಚು ಡಬ್ಬಿ ತೆರೆದದ್ದು ಸೂಜಿಗೆ,
ಅವಳ ಟ್ಯಾಕ್ಸಿಯ ಸೀಟು ಹೊಲಿಗೆ ಬಿಟ್ಟಿತ್ತು.
ಮಾತ್ರೆಪಟ್ಟಿ ನೋಡಿದಳು. ಎಣಿಸಿದಳು.
ಬೈಯುತ್ತಾಳೆಂದು ಕಾದೆ. ಅವಳವು ಎರಡೂ ಹೋಗಿವೆ,
ಬೈಯುವ ಹಕ್ಕು ನನಗಿಂತ ಇಮ್ಮಡಿ.
"ನಡಿ, ಗಾಡಿ ಹತ್ತು" ಎಂದಳು, ಅಷ್ಟೆ.
ಮೀನುಹರಾಜಿನ ಕಟ್ಟೆಯ ಹಿಂದೆ ನಿಲ್ಲಿಸಿ
ಮೀಟರು ಹಾಕಿದಳು.
"ಒಂದೊಂದು ಜಾಗಕ್ಕೆ ಮೂರು ನಿಮಿಷ.
ಗಡಿಯಾರ ಕೆಟ್ಟಿದೆ. ಮೀಟರು ಓಡಲಿ."

ಟಯರು ಬಿಚ್ಚಿ ಬಿಚ್ಚಿ ಬಲಿತ ಅವಳ ಹೆಬ್ಬೆರಳು
ನನ್ನ ಬಲಗೈಯ ಎರಡು ಬೆರಳುಗಳ ಸಂದಿಯಲ್ಲಿ,
ಮೆತ್ತನೆ ಮಾಂಸದ ಉಬ್ಬಿನಲ್ಲಿ ಇಳಿಯಿತು.
ಕೂಡುಕಣಿವೆ ಎಂದು ಹೆಸರು ಆ ಜಾಗಕ್ಕೆ.
ನೋವಿನ ಒಳಗೆ ಬೇರೊಂದು ನೋವು ಎದ್ದಿತು,
ಭಾರವಾದದ್ದು. ಅದಕ್ಕೆ ನಾವು ಹುಳಿ ಎನ್ನುತ್ತೇವೆ.
"ಹುಳಿ ಬಂತಾ?"
"ಬಂತು."
"ಹಾಗಾದರೆ ಸಿಕ್ಕಿತು."
ಎಡಗೈ ಚಾಚಿದೆ. ತಳ್ಳಿದಳು.
"ಕಂಕುಳ ಗ್ರಂಥಿ ತೆಗೆದ ಕೈ ಅದು.
ಊದಿಕೊಂಡರೆ ನಿಮ್ಮಪ್ಪ ಬಂದು ಇಳಿಸುತ್ತಾನಾ?
ಕಾಲು ಕೊಡು."

ಮಂಡಿಯ ಕೆಳಗೆ ನಾಲ್ಕು ಬೆರಳ ಅಳತೆ,
ಎಲುಬಿನ ಹೊರಮಗ್ಗುಲಿಗೆ ಇನ್ನೊಂದು ಜಾಗ.
ಅದರ ಹೆಸರು ಕಾಲಿನ ಮೂರು ಹರದಾರಿ.
ಹಿಂದೆ, ನಡೆದು ಸೋತವರು ಅಲ್ಲಿ ಒತ್ತಿಕೊಂಡು
ಇನ್ನೂ ಮೂರು ಹರದಾರಿ ನಡೆಯುತ್ತಿದ್ದರಂತೆ.
"ನಮಗೆ ಇನ್ನೆಷ್ಟು?" ಎಂದೆ.
ಅವಳು ಮೀಟರು ನೋಡಿದಳು. ಐದು ಯುವಾನ್ ಏರಿತು.
ಕಿಟಕಿ ತಟ್ಟಿದ ಗಿರಾಕಿಗೆ
"ಸವಾರಿ ಇದೆ" ಎಂದು ಕೂಗಿದಳು,
ನನ್ನ ಬರಿಗಾಲು ತೊಡೆಯ ಮೇಲಿಟ್ಟುಕೊಂಡೇ.

ಮಾತ್ರೆ ಮತ್ತೆ ನುಂಗುತ್ತಿದ್ದೇನೆ.
ಅವಳು ಬಾರದ ದಿನ ನಾನೇ ಒತ್ತಿಕೊಳ್ಳಬೇಕು;
ನೋಯುವ ಬೆರಳಿನಿಂದ ನೋವು ಒತ್ತುವುದೆಂದರೆ
ಸಾಲ ಮಾಡಿ ಸಾಲ ತೀರಿಸಿದ ಹಾಗೆ.
ಬಲೆಸೂಜಿಯ ಮೊಂಡು ತುದಿ ಹಿಡಿದು ನೋಡಿದೆ.
ಬಿದಿರಿನದು. ನಡೆಯುತ್ತದೆ.

ಹತ್ತಕ್ಕೆ ಎಷ್ಟು ನೋವು ಎಂದು ಡಾಕ್ಟರು ಕೇಳುತ್ತಾರೆ.
ಏಳು ಇತ್ತು, ಐದು ಎಂದೆ. ಬರೆದುಕೊಂಡರು.
ನಡುವಿನ ಎರಡು ಏನೆಂದು ಕೇಳಲಿಲ್ಲ.
ಎರಡು ಎಂದರೆ ಪೇಸ್ಟಿನ ಮುಚ್ಚಳ.
ಎರಡು ಎಂದರೆ ಮೆಟ್ಟಿಲನ್ನು ನೇರ ಇಳಿಯುವುದು,
ಏಡಿಯ ಹಾಗೆ ಅಡ್ಡಡ್ಡ ಅಲ್ಲ.
ಉಳಿದ ಐದು ನನ್ನ ಹತ್ತಿರವೇ ಇದೆ,
ಗಾಳಿ ತಿರುಗಿದ ದಿನ ಆರೂ ಆಗುತ್ತದೆ.

ಮೊನ್ನೆ ಮೀಟರು ನೂರಾ ಹತ್ತು ತೋರಿಸಿತು.
ಕೊಡಹೋದರೆ ಹರಿದ ಸೀಟು ತೋರಿಸಿದಳು,
"ಅವತ್ತಿನಿಂದ ಹಾಗೇ ಇದೆ."
ಹೊಲಿದೆ. ನಾಲ್ಕು ಗಂಟು.
ಐದನೆಯದಕ್ಕೆ ಬೆರಳು ಮುಷ್ಕರ ಹೂಡಿತು.
ಬಾಗಿ, ನೂಲಿನ ತುದಿಯನ್ನು
ಅವಳೇ ಹಲ್ಲಿನಲ್ಲಿ ಕಡಿದಳು.